ಸ್ಕಾದಿ ಅಡ್ಜಸ್ಟ್ ಮಾಡ್ಕೊಬೇಕಿತ್ತಾ?

ತೀರ್ಥಹಳ್ಳಿ ಕಡೆಯಿಂದ ಪತ್ರ ಬರೆದಿರೋ ಮೇಷ್ಟ್ರಿಗೆ ನಮಸ್ಕಾರ. ಹೋದ ಸಂಚಿಕೇಲಿ ಹಾಕಿದ್ದ ನಾರ್ಸ್ (ಉತ್ತರ ಯುರೋಪಿನ ಹಳೇ ಕಾಲದ) ದೇವರುಗಳ ಕಥೆ ಓದಿ, "ಗಂಡನ ಮನೇಲಿ ನಾಲ್ಕು ದಿನ ಇರಕ್ಕಾಗ್ದೆ ತವರಿಗೆ ಓಡಿದ ಸ್ಕಾದಿನ ಹೊಗಳಿದೀರಲ್ಲ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಬೇಕಿತ್ತು" ಅಂದಿದೀರಿ. ಮಾರಾಯ್ರೆ, ಆ ಮದುವೆ ಹೆಂಗಾಯ್ತು ನೋಡಿ ಮೊದ್ಲು.

ಅವಳಪ್ಪ ಥ್ಯಾತ್ಸಿ ದೈತ್ಯ, ಅವನನ್ನ ಏಸಿರ್ ಕುಲದ ದೇವರುಗಳು ತಮ್ಮೂರು ಅಸ್ಗಾರ್ಡ್ ಬಾಗಿಲಲ್ಲೇ ಕೊಂದ್ರು. ಸೇಡಿಗೆ ಅಂತ ಮಗಳು ಕವಚ ತೊಟ್ಟು ಆಯುಧ ಹಿಡಿದು ಬಂದ್ಲು, ದೇವರುಗಳು ಪಂಚಾಯ್ತಿ ಮಾಡಿದ್ರು: ನಮ್ಮಲ್ಲೊಬ್ಬನನ್ನ ಆರಿಸ್ಕೋ, ಆದ್ರೆ ಪಾದ ಮಾತ್ರ ನೋಡ್ಬೇಕು. ಚೆಂದದ ಪಾದ ನೋಡಿ ಸುಂದರಾಂಗ ದೇವರು ಬಾಲ್ಡರೇ ಇರ್ಬೇಕು ಅಂದ್ಕೊಂಡು ಒಪ್ಪಿದ್ಲು, ನೋಡಿದ್ರೆ ಕಡಲ ದೇವರು ನ್ಯೋರ್ಡ್. ಇದಕ್ಕಿಂತ ನಮ್ಮ ಜಾತಕದ ಲೆಕ್ಕಾಚಾರನೇ ವಾಸಿ. ತನ್ನನ್ನ ನಗಿಸ್ಬೇಕು ಅಂತ ಅವಳದ್ದೂ ಒಂದು ಷರತ್ತಿತ್ತು, ಅದಕ್ಕೆ ದೇವರುಗಳ ಜೊತೆಗಿದ್ದ ಕಿತಾಪತಿ ಲೋಕಿ ಹಗ್ಗದ ಒಂದು ತುದಿ ಆಡಿನ ಗಡ್ಡಕ್ಕೆ ಕಟ್ಟಿ ಇನ್ನೊಂದು ತುದಿನ ತನ್ನ ಮೈಗೇ ಕಟ್ಕೊಂಡು ಎಳೆದಾಡಿದ (ಎಲ್ಲಿಗೆ ಅಂತ ಮನೆಮಂದಿಯೆಲ್ಲ ಓದೋ ಪತ್ರಿಕೇಲಿ ಬೇಡ).

ನೀವು ಗಮನಿಸ್ಬೇಕಾದ್ದು ಬೇರೆ. ಈ ನ್ಯೋರ್ಡ್ ಏಸಿರ್ ಕುಲದೋನೇ ಅಲ್ಲ! ಏಸಿರ್‌ಗೂ ವಾನಿರ್ ಅನ್ನೋ ಇನ್ನೊಂದು ದೇವಕುಲಕ್ಕೂ ಯುದ್ಧ ಆಗಿ ರಾಜಿಯಾದಾಗ ವಾನಿರ್ ಕಡೆಯಿಂದ ಒತ್ತೆಯಾಳಾಗಿ ಬಂದೋನು. ಅಂದ್ರೆ ಅಪ್ಪನ್ನ ಕೊಂದೋರು ಏಸಿರ್, ದಂಡ ಕಟ್ಟಿದ್ದು ಇನ್ನೊಬ್ರ ಮನೆ ಗಂಡಿನ ಕೊಟ್ಟು. ನಮ್ಮ ಮತ್ಸ್ಯ ಪುರಾಣದಲ್ಲಿ ಇಂದ್ರ ಅಸುರರ ಗುರು ಶುಕ್ರಾಚಾರ್ಯರ ಹತ್ರ ಜಯಂತಿನ ಕಳಿಸಿದ್ದೂ ರಾಜಕೀಯಾನೇ, ಅವರಿಬ್ರೂ ಹತ್ತು ವರ್ಷ ಯಾರ ಕಣ್ಣಿಗೂ ಬೀಳ್ದೆ ಸಂಸಾರ ಮಾಡ್ತಿದ್ರೆ ಈ ಕಡೆ ಬೃಹಸ್ಪತಿ ಶುಕ್ರರ ವೇಷದಲ್ಲಿ ಅಸುರರಿಗೆ ಪಾಠ ಹೇಳ್ಕೊಂಡಿದ್ದ, ಆದ್ರೂ ಇಂದ್ರ ಕಳಿಸಿದ್ದು ಸ್ವಂತ ಮಗಳನ್ನ.

ಮತ್ತೆ, ಅಡ್ಜಸ್ಟ್ ಮಾಡ್ಕೊಳ್ಳಿಲ್ಲ ಅನ್ನೋದೂ ಪೂರ್ತಿ ಸರಿಯಲ್ಲ. ಒಂಬತ್ತು ರಾತ್ರಿ ಅವಳ ಬೆಟ್ಟದಲ್ಲಿ, ಆಮೇಲೆ ಅವನ ಕಡಲಲ್ಲಿ ಅಂತ ಇಬ್ರೂ ಟ್ರೈ ಮಾಡಿದ್ರು. ತೋಳ ಊಳಿಡೋದು ಅವನಿಗೆ ಸಹಿಸಕ್ಕಾಗ್ಲಿಲ್ಲ, ಹಂಸದ ದನಿ ಬೇಕು ಅಂದ. ಕಡಲಹಕ್ಕಿ ಕಿರುಚಾಟಕ್ಕೆ ಇವಳಿಗೆ ನಿದ್ದೆ ಇಲ್ಲ. ಅವಳು ಬಿಲ್ಲು ಹಿಡಿದು ಹಿಮದ ಮೇಲೆ ಜಾರ್ಕೊಂಡು ಬೆಟ್ಟಕ್ಕೆ ವಾಪಸ್ ಹೋದ್ಲು, ಅವನು ಕಡಲಲ್ಲೇ ಉಳ್ಕೊಂಡ.

ಘಟ್ಟದ ಕೆಳಗಿಂದ ಹೆಣ್ಣು ತಂದ ಮನೆಯೋರಿಗೆ ಇದು ಬಿಡಿಸಿ ಹೇಳ್ಬೇಕಾಗಿಲ್ಲ. ನಮ್ಮ ದೊಡ್ಡಮ್ಮ ಕಡಲ ಪಕ್ಕದ ಊರಿಂದ ಆಗುಂಬೆ ಹತ್ರಕ್ಕೆ ಮದುವೆಯಾಗಿ ಬಂದೋರು. ಜೀರುಂಡೆ ಸದ್ದು, ಬಿಡದ ಮಳೆ, ಜಿಗಣೆ, ಮೊದಲ ಮಳೆಗಾಲ ಪೂರ್ತಿ ಅತ್ತಿದ್ರಂತೆ. ಅವರು ಅಡ್ಜಸ್ಟ್ ಮಾಡ್ಕೊಂಡ್ರು ಅಂತ ಮನೇಲಿ ಎಲ್ರೂ ಹೊಗಳ್ತಾರೆ. ಘಟ್ಟ ಇಳಿಯೋ ಬಸ್ಸು ಆಗ ದಿನಕ್ಕೆ ಒಂದೇ ಇತ್ತು ಮೇಷ್ಟ್ರೇ, ಅದರ ಚಾರ್ಜಿಗೂ ದೊಡ್ಡಪ್ಪನ ಹತ್ರನೇ ಕೇಳ್ಬೇಕಿತ್ತು.