ನಾಕಸೆಂಡೊ: ಅಪ್ಪ-ಅಮ್ಮನ ಜೊತೆ ಹೋಗುವ ಮುನ್ನ

ನಮಸ್ಕಾರ. ನಗೋಯಾಗೆ ಬಂದು ಮೂರು ತಿಂಗಳಾದರೂ ಆಫೀಸು, ಮನೆ ಬಿಟ್ಟು ಏನೂ ನೋಡಿಲ್ಲ ಎಂದು ಬರೆದಿದ್ದೀರಿ. ಮೇ ತಿಂಗಳಲ್ಲಿ ಊರಿಂದ ಅಪ್ಪ-ಅಮ್ಮ ಬರುತ್ತಾರೆ, ಜೊತೆಯಲ್ಲಿ ಕೆಲಸ ಮಾಡುವವರೆಲ್ಲ ನಾಕಸೆಂಡೊಗೆ ಹೋಗಿ ಅನ್ನುತ್ತಾರೆ, ಅದೇನು, ಸಸ್ಯಾಹಾರಿಗಳಾದ ಹಿರಿಯರನ್ನು ಅಲ್ಲಿಗೆ ಕರೆದುಕೊಂಡು ಹೋಗಬಹುದೇ ಎಂದು ಕೇಳಿದ್ದೀರಿ. ಖಂಡಿತ ಹೋಗಿ. ಆದರೆ ಅದನ್ನು ಟ್ರೆಕ್ಕಿಂಗ್ ದಾರಿ ಅಂದುಕೊಳ್ಳಬೇಡಿ. ಅದು ಟೋಕಿಯೊ-ಕ್ಯೋಟೊ ನಡುವಿನ ಜಪಾನಿನ ಹಳೆಯ ಹೆದ್ದಾರಿ, ಎರಡೂವರೆ ಶತಮಾನಕ್ಕೂ ಹೆಚ್ಚು ಕಾಲ ಸರ್ಕಾರವೇ ನಡೆಸಿದ ಸಾರಿಗೆ ವ್ಯವಸ್ಥೆ. ಆ ವ್ಯವಸ್ಥೆ ಹೇಗೆ ಓಡುತ್ತಿತ್ತು ಎಂಬುದನ್ನು ತಿಳಿದುಕೊಂಡು ಹೋದರೆ ಅಲ್ಲಿನ ಬೀದಿಯ ತಿರುವು, ದಿಬ್ಬ, ಮನೆಯ ಬಾಗಿಲು ಎಲ್ಲಕ್ಕೂ ಕಾರಣ ಸಿಗುತ್ತದೆ.

1600ರಲ್ಲಿ ಸೆಕಿಗಾಹಾರದ ಯುದ್ಧ ಗೆದ್ದು ತೊಕುಗಾವ ಇಯೆಯಾಸು ದೇಶದ ಹಿಡಿತ ಪಡೆದ. ಮರುವರ್ಷ ತೋಕೈಡೊ ರಸ್ತೆಯ ಠಾಣೆಗಳು, ಅಂದರೆ ಪ್ರಯಾಣಿಕರು ತಂಗಿ ಕುದುರೆ ಬದಲಿಸುವ ಊರುಗಳು, 1602ರಲ್ಲಿ ನಾಕಸೆಂಡೊದ ಠಾಣೆಗಳು ಆಳು-ಕುದುರೆ ಒದಗಿಸಬೇಕೆಂಬ ನಿಯಮ ಬಂತು. ಎಡೊ, ಅಂದರೆ ಇಂದಿನ ಟೋಕಿಯೊದ ನಿಹೊಂಬಾಶಿ ಸೇತುವೆಯಿಂದ ಕ್ಯೋಟೊವರೆಗೆ ಎರಡು ದಾರಿ. ತೋಕೈಡೊ ಕರಾವಳಿಗುಂಟ ಸುಮಾರು 490 ಕಿ.ಮೀ., 53 ಠಾಣೆ. ನಾಕಸೆಂಡೊ ಒಳನಾಡಿನ ಬೆಟ್ಟಗಳ ನಡುವೆ ಸುಮಾರು 530 ಕಿ.ಮೀ., 69 ಠಾಣೆ. ಕೊನೆಯ ಎರಡು ಠಾಣೆಗಳಾದ ಕುಸತ್ಸು, ಓತ್ಸು ಎರಡೂ ದಾರಿಗಳಿಗೆ ಸೇರಿದವು. ಯುದ್ಧ ನಡೆದ ಸೆಕಿಗಾಹಾರವೂ ನಾಕಸೆಂಡೊದ ಒಂದು ಠಾಣೆಯೇ.

ಹತ್ತಿರದ, ಸಮತಟ್ಟಾದ ದಾರಿ ಇರುವಾಗ ಘಟ್ಟ ಹತ್ತಿಳಿಯುವ ದಾರಿ ಯಾರಿಗೆ ಬೇಕಿತ್ತು? ಕಾರಣ ನೀರು. ತೋಕೈಡೊದ ಓಯಿ ನದಿಗೆ ಸೇತುವೆ ಇರಲಿಲ್ಲ. ಕೂಲಿಯವರು ಹೆಗಲ ಮೇಲೆ ಹೊತ್ತು ದಾಟಿಸಬೇಕಿತ್ತು. ಹೊಳೆ ಏರಿದರೆ ದಿನಗಟ್ಟಲೆ ದಡದಲ್ಲೇ ಕೂರಬೇಕು. ನಿಮ್ಮ ನಗೋಯಾದ ಅತ್ಸುತಾದಿಂದ ಕುವಾನಾಗೆ ಹೋಗಲು ಸಮುದ್ರವನ್ನೇ ದೋಣಿಯಲ್ಲಿ ದಾಟಬೇಕಿತ್ತು. ನಾಕಸೆಂಡೊದಲ್ಲಿ ಏರು ಇತ್ತು, ಹಿಮವಿತ್ತು. ಆದರೂ ಇಂಥ ದಿನ ಹೊರಟರೆ ಇಂಥ ದಿನ ತಲುಪುತ್ತೇವೆ ಎಂದು ಲೆಕ್ಕ ಹಾಕಬಹುದಿತ್ತು. ಕ್ಯೋಟೊದಿಂದ ಎಡೊಗೆ ಮದುವೆಯಾಗಿ ಹೋಗುವ ರಾಜಕುಮಾರಿಯರ ದಿಬ್ಬಣಗಳು ಈ ದಾರಿಯನ್ನೇ ಹಿಡಿದದ್ದು ಇದಕ್ಕೇ. 1861ರಲ್ಲಿ ಶೋಗುನ್, ಅಂದರೆ ದೇಶ ಆಳುತ್ತಿದ್ದ ಸೇನಾಧಿಪತಿ, ಇಯೆಮೊಚಿಯನ್ನು ಮದುವೆಯಾಗಲು ರಾಜಕುಮಾರಿ ಕಜುನೊಮಿಯಾ ಹೋದದ್ದೂ ಇಲ್ಲೇ.

ಈಗ ಒಳಗಿನ ಏರ್ಪಾಡು ನೋಡಿ. ಪ್ರತಿ ಠಾಣೆಯಲ್ಲೂ ತೊಯಿಯಾಬಾ ಎಂಬ ಕಚೇರಿ. ಹಿಂದಿನ ಠಾಣೆಯಿಂದ ಬಂದ ಹೇರನ್ನು ಅಲ್ಲಿ ಇಳಿಸಿ, ಹೊಸ ಕುದುರೆಯ ಮೇಲೆ ಹೇರಿ ಮುಂದಿನ ಠಾಣೆಗೆ ಕಳಿಸುವುದು ಅದರ ಕೆಲಸ. ತೋಕೈಡೊದ ಠಾಣೆ ದಿನಕ್ಕೆ 100 ಆಳು, 100 ಕುದುರೆ ಸಿದ್ಧ ಇಡಬೇಕಿತ್ತು. ನಾಕಸೆಂಡೊದಲ್ಲಿ 50, 50. ನೀವು ಹೋಗಲಿರುವ ಕಿಸೊ ಕಣಿವೆಯ 11 ಠಾಣೆಗಳಿಗೆ ಮಾತ್ರ 25, 25. ಏಕೆಂದರೆ ಆ ಇಕ್ಕಟ್ಟಾದ ಕಣಿವೆಯಲ್ಲಿ ಗದ್ದೆ ಕಡಿಮೆ, ಜನವೂ ಕಡಿಮೆ. 1635ರಿಂದ ದೈಮ್ಯೊ ಎಂಬ ಪ್ರಾಂತ್ಯದೊರೆಗಳು ಸರದಿಯಂತೆ ಎಡೊದಲ್ಲಿ ಬಂದಿರುವುದು ಕಡ್ಡಾಯವಾಯಿತು. ಅವರ ಪರಿವಾರ ಬಂದಾಗ ಠಾಣೆಯ ಆಳು-ಕುದುರೆ ಎಲ್ಲಿಗೂ ಸಾಲುತ್ತಿರಲಿಲ್ಲ. ಕೊರತೆ ತುಂಬಬೇಕಾದವರು ಸುತ್ತಲಿನ ಹಳ್ಳಿಗಳ ರೈತರು. ಸುಕೆಗೊ ಎಂಬ ಈ ಕೆಲಸ ಬಹುಮಟ್ಟಿಗೆ ಬಿಟ್ಟಿ ಚಾಕರಿಯೇ: ನಾಟಿ ಹೊತ್ತಿನಲ್ಲೂ ಕರೆ ಬಂದರೆ ಗದ್ದೆ ಬಿಟ್ಟು ಹೋಗಬೇಕು, ಕೊಡುವ ದರ ಸರ್ಕಾರ ಗೊತ್ತುಮಾಡಿದ್ದು. 1764ರ ಕೊನೆಯಲ್ಲಿ ಈ ಹೊರೆಯನ್ನು ಇನ್ನಷ್ಟು ಹಳ್ಳಿಗಳ ಮೇಲೆ ಹೊರಿಸಲು ಹೊರಟಾಗ, ಎಡೊ ಕಡೆಯ ನಾಕಸೆಂಡೊ ಹಳ್ಳಿಗಳ ರೈತರು ದೊಡ್ಡ ದಂಗೆ ಎದ್ದರು. ಸರ್ಕಾರ ಆ ಆದೇಶ ಹಿಂತೆಗೆದುಕೊಂಡಿತು. ಚಂದದ ಮರದ ಮನೆಗಳ ಫೋಟೊ ತೆಗೆಯುವಾಗ ಈ ರೈತರೂ ನೆನಪಿನಲ್ಲಿರಲಿ; ಈ ರಸ್ತೆ ನಡೆದದ್ದು ಅವರ ಬೆನ್ನ ಮೇಲೆ.

ದಾರಿಯಲ್ಲಿ ನೋಡಬೇಕಾದ್ದು ಇವು. ಎರಡು ಬದಿಗೆ ಮಣ್ಣಿನ ದಿಬ್ಬ, ಮೇಲೊಂದು ಮರ ಇದ್ದರೆ ಅದು ಇಚಿರಿಜುಕ; ಒಂದು ರಿ, ಅಂದರೆ ಸುಮಾರು 3.9 ಕಿ.ಮೀ.ಗೆ ಒಂದರಂತೆ 1604ರಲ್ಲಿ ಹಾಕಿಸಲು ಶುರುಮಾಡಿದ ದೂರದ ಗುರುತು. ಊರ ಬಾಯಲ್ಲಿ ಬೀದಿ ಥಟ್ಟನೆ ಎರಡು ಸಲ ಮುರಿದು ತಿರುಗಿದರೆ ಅದು ಮಾಸುಗಾತಾ. ದಂಡು ಬಂದರೆ ನೇರ ನುಗ್ಗದಿರಲಿ ಎಂದು ಮಾಡಿದ್ದು. ದೊರೆಗಳು ತಂಗುತ್ತಿದ್ದ ಮನೆ ಹೋಂಜಿನ್, ಊಟ ಹಾಕುವ ಸಾಮಾನ್ಯರ ಬಿಡಾರ ಹತಾಗೊ. ಅದಕ್ಕೂ ಕೈಲಾಗದವರು ಅಕ್ಕಿ ತಾವೇ ತಂದು, ಸೌದೆ ಖರ್ಚಷ್ಟೇ ಕೊಟ್ಟು ಕಿಚಿನ್‌ಯಾಡೊದಲ್ಲಿ ಉಳಿಯುತ್ತಿದ್ದರು. ಕಿಸೊ-ಫುಕುಶಿಮಾದಲ್ಲಿ ರಹದಾರಿ ನೋಡುವ ದೊಡ್ಡ ಚೌಕಿ ಇತ್ತು. ಎಡೊ ಕಡೆಗೆ ಬಂದೂಕು ಹೋಗುತ್ತಿದೆಯೇ, ಎಡೊದಿಂದ ಹೆಂಗಸರು ಹೊರಗೆ ಹೋಗುತ್ತಿದ್ದಾರೆಯೇ ಎಂಬುದೇ ಅಲ್ಲಿನ ಮುಖ್ಯ ತಪಾಸಣೆ. ದೈಮ್ಯೊಗಳ ಹೆಂಡತಿ ಮಕ್ಕಳನ್ನು ಎಡೊದಲ್ಲಿ ಒತ್ತೆ ಇಟ್ಟುಕೊಂಡಿದ್ದರಲ್ಲ, ಅವರು ತಪ್ಪಿಸಿಕೊಂಡರೆ ದಂಗೆ ಬಂತು ಎಂದೇ ಲೆಕ್ಕ. ಕಾಡಿನ ಮೇಲೂ ಅಷ್ಟೇ ಕಣ್ಣಿತ್ತು: ಹಿನೋಕಿ ಎಂಬ ಸೈಪ್ರಸ್ ಸೇರಿ ಐದು ಜಾತಿಯ ಮರ ಕಡಿಯುವುದಕ್ಕೆ ಕಠಿಣ ನಿಷೇಧ.

1868ರಲ್ಲಿ ಶುರುವಾದ ಮೇಜಿ ಕಾಲದಲ್ಲಿ ಠಾಣೆ ಪದ್ಧತಿ ರದ್ದಾಯಿತು. 1911ರಲ್ಲಿ ಚೂಓ ರೈಲು ಮಾರ್ಗ ಪೂರ್ತಿಯಾದಾಗ ಅದು ನದಿಯ ಪಕ್ಕ ಹಿಡಿದು ಹೋಯಿತು. ಕಿಸೊದ ಠಾಣೆಗಳಾದ ಮಾಗೊಮೆ, ತ್ಸುಮಾಗೊ ಬದಿಗೆ ಬಿದ್ದವು. ಜನ ಊರು ಬಿಟ್ಟರು. ಹೊಸದಾಗಿ ಕಟ್ಟಲು ದುಡ್ಡಿಲ್ಲದ್ದರಿಂದ ತ್ಸುಮಾಗೊದ ಹಳೆಯ ಮನೆಗಳು ಹಾಗೇ ನಿಂತವು. 1968ರಲ್ಲಿ ಅವನ್ನು ದುರಸ್ತಿ ಮಾಡುವ ಕೆಲಸ ಶುರುವಾಯಿತು. 1971ರಲ್ಲಿ ಊರವರೇ ಸೇರಿ ಮನೆ ಮಾರುವುದಿಲ್ಲ, ಬಾಡಿಗೆಗೆ ಕೊಡುವುದಿಲ್ಲ, ಕೆಡವುವುದಿಲ್ಲ ಎಂದು ಕಟ್ಟುಪಾಡು ಮಾಡಿಕೊಂಡರು. 1976ರಲ್ಲಿ ರಾಷ್ಟ್ರಮಟ್ಟದ ರಕ್ಷಣೆ ಸಿಕ್ಕಿತು. ಮಾಗೊಮೆ ಮಾತ್ರ 1895 ಮತ್ತು 1915ರ ಬೆಂಕಿಯಲ್ಲಿ ಸುಟ್ಟುಹೋಗಿ ಮತ್ತೆ ಕಟ್ಟಿದ ಊರು. ಎರಡನ್ನೂ ಒಂದೇ ದಿನ ನೋಡಿದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ.

ಇನ್ನು ಹೋಗುವ ಬಗೆ. ನಗೋಯಾದಿಂದ ಶಿನಾನೊ ಎಕ್ಸ್‌ಪ್ರೆಸ್‌ನಲ್ಲಿ ನಾಕತ್ಸುಗಾವಾಗೆ ಸುಮಾರು 50 ನಿಮಿಷ, ಅಲ್ಲಿಂದ ಮಾಗೊಮೆಗೆ ಬಸ್ಸಿನಲ್ಲಿ ಅರ್ಧ ಗಂಟೆ. ಮಾಗೊಮೆಯಿಂದ ತ್ಸುಮಾಗೊಗೆ ಸುಮಾರು 8 ಕಿ.ಮೀ., ಮೂರು ಗಂಟೆಯ ನಡಿಗೆ. ಈ ದಿಕ್ಕಿನಲ್ಲೇ ನಡೆಯಿರಿ. ಮಾಗೊಮೆ ಸುಮಾರು 600 ಮೀಟರ್, ನಡುವಿನ ಘಟ್ಟದ ನೆತ್ತಿ ಸುಮಾರು 800, ತ್ಸುಮಾಗೊ 420. ಹೀಗೆ ಹೋದರೆ ಏರು 200 ಮೀಟರ್ ಮಾತ್ರ. ತಿರುಗಿ ಬಂದರೆ ಸುಮಾರು ಇಮ್ಮಡಿ. ಅಪ್ಪ-ಅಮ್ಮನಿಗೆ ಆ ಏರೂ ಬೇಡವೆಂದರೆ ಮಾಗೊಮೆಯಿಂದ ನಾಗಿಸೊ ಕಡೆಗೆ ಹೋಗುವ ಬಸ್ಸಿನಲ್ಲಿ ಘಟ್ಟದ ನೆತ್ತಿಯಲ್ಲೇ ಇಳಿದು ಕೆಳಗೆ ನಡೆಯಬಹುದು. ಆ ಬಸ್ಸುಗಳು ದಿನಕ್ಕೆ ಕೆಲವೇ, ಸಂಜೆಯದು ಬೇಗ ಮುಗಿಯುತ್ತದೆ. ತ್ಸುಮಾಗೊದಿಂದ ನಾಗಿಸೊ ರೈಲು ನಿಲ್ದಾಣಕ್ಕೆ ಬಸ್ಸಿನಲ್ಲಿ ಹತ್ತು ನಿಮಿಷ, ನಡೆದರೆ ಒಂದು ಗಂಟೆ. ಅಲ್ಲಿಯೂ ಲೋಕಲ್ ರೈಲು ಅಪರೂಪ. ಹಾಗಾಗಿ ಮೊದಲು ವಾಪಸ್ ರೈಲಿನ ಸಮಯ ಗೊತ್ತುಮಾಡಿ, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ ಬೆಳಿಗ್ಗೆ ಹೊರಡುವ ಹೊತ್ತು ನಿರ್ಧರಿಸಿ. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ.

ಭಾರದ ಬ್ಯಾಗು ಹೊರಬೇಕಿಲ್ಲ. ನಡಿಗೆಯ ತಿಂಗಳುಗಳಲ್ಲಿ ಮಾಗೊಮೆಯ ಪ್ರವಾಸಿ ಕಚೇರಿಗೆ ಬೆಳಿಗ್ಗೆ 11.30ರೊಳಗೆ ಕೊಟ್ಟರೆ ಮಧ್ಯಾಹ್ನ ಒಂದರ ಮೇಲೆ ತ್ಸುಮಾಗೊದ ಕಚೇರಿಯಲ್ಲಿ ಸಿಗುತ್ತದೆ, ಶುಲ್ಕವಿದೆ. ಕಲ್ಲು ಹಾಸಿದ ಇಳಿಜಾರು ಮಳೆಯಲ್ಲಿ ಜಾರುತ್ತದೆ, ಅಮ್ಮನಿಗೆ ಚಪ್ಪಲಿ ಬೇಡ, ಹಿಡಿತವಿರುವ ಶೂ ಕೊಡಿಸಿ. ದಾರಿಯುದ್ದಕ್ಕೂ ಕಂಬಕ್ಕೆ ಗಂಟೆ ಕಟ್ಟಿದ್ದಾರೆ. ಅಲ್ಲಿ ಕರಡಿಗಳಿವೆ, ಸದ್ದು ಕೇಳಿದರೆ ಅವೇ ದೂರ ಹೋಗುತ್ತವೆ. ಎದುರಾದ ಪ್ರತಿ ಗಂಟೆಯನ್ನೂ ಬಾರಿಸಿ ಮುಂದೆ ಹೋಗಿ.

ಮಂಡಿನೋವು ಹೆಚ್ಚಿದ್ದರೆ ಈ ದಾರಿ ಬಿಟ್ಟು ಕಿಸೊದ ಇನ್ನೊಂದು ಠಾಣೆಯಾದ ನರಾಯಿಗೆ ಕರೆದುಕೊಂಡು ಹೋಗಿ. ಶಿನಾನೊದಲ್ಲಿ ಕಿಸೊ-ಫುಕುಶಿಮಾವರೆಗೆ ಹೋಗಿ ಲೋಕಲ್ ರೈಲು ಹಿಡಿದರೆ, ನಿಲ್ದಾಣದ ಪಕ್ಕದಲ್ಲೇ ಒಂದು ಕಿ.ಮೀ. ಉದ್ದದ ಹಳೆಯ ಬೀದಿ. ನನ್ನ ಮಟ್ಟಿಗೆ ಕಿಸೊದ ಅತಿ ಚೆಲುವಾದ ಬೀದಿ ಅದೇ. ಅವರು ಅಲ್ಲಿ ನಿಧಾನವಾಗಿ ಸುತ್ತುವಷ್ಟರಲ್ಲಿ ನೀವು 1197 ಮೀಟರ್ ಎತ್ತರದ ತೊರೀ ಘಟ್ಟ ದಾಟಿ ಪಕ್ಕದ ಠಾಣೆ ಯಾಬುಹಾರಾಗೆ ಇಳಿಯಬಹುದು. ಆ ಘಟ್ಟದ ಒಂದು ಬದಿಯ ನೀರು ಜಪಾನ್ ಸಮುದ್ರಕ್ಕೆ, ಇನ್ನೊಂದು ಬದಿಯದು ನಗೋಯಾ ಕಡೆಯ ಪೆಸಿಫಿಕ್‌ಗೆ ಹರಿಯುತ್ತದೆ.

ಊಟದ ವಿಷಯದಲ್ಲಿ ತರಕಾರಿ ಮಾತ್ರ ಕಾಣುವ ಬಟ್ಟಲನ್ನು ನಂಬಬೇಡಿ. ಸೋಬಾ ಎಂಬ ಬಕ್‌ವೀಟ್ ನೂಡಲ್ಸಿನ ಸಾರು, ಬೇಯಿಸಿದ ಪಲ್ಯ, ಮಿಸೊ (ಹುಳಿಬರಿಸಿದ ಸೋಯಾ ಪೇಸ್ಟ್) ಸೂಪು ಎಲ್ಲಕ್ಕೂ ಸಾಮಾನ್ಯವಾಗಿ ದಾಶಿ, ಅಂದರೆ ಒಣಮೀನು ಬೇಯಿಸಿ ಸೋಸಿದ ನೀರು, ಬಿದ್ದಿರುತ್ತದೆ. ಅನ್ನವನ್ನು ಮೆತ್ತಗೆ ಕುಟ್ಟಿ ಕಡ್ಡಿಗೆ ಮೆತ್ತಿ, ಅಕ್ರೋಟು-ಎಳ್ಳು-ಮಿಸೊ ಹಚ್ಚಿ ಕೆಂಡದಲ್ಲಿ ಸುಡುವ ಗೊಹೆಯಿಮೊಚಿ ಸಾಮಾನ್ಯವಾಗಿ ನಡೆಯುತ್ತದೆ, ಆದರೂ ಸಾಸಿನಲ್ಲಿ ದಾಶಿ ಇದೆಯೇ ಎಂದು ಕೇಳಿ. ಉಪ್ಪೇ ಇಲ್ಲದೆ ಹುಳಿಬರಿಸುವ ಟರ್ನಿಪ್ ಸೊಪ್ಪಿನ ಸುಂಕಿ ಕಿಸೊದ ವಿಶೇಷ. ಅದರ ಮೇಲೂ ಒಣಮೀನಿನ ಚೂರು ಉದುರಿಸುವುದುಂಟು. ಮಿನ್ಶುಕುವಿನಲ್ಲಿ, ಅಂದರೆ ಮನೆಯವರೇ ನಡೆಸುವ ವಸತಿಯಲ್ಲಿ, ರಾತ್ರಿ ಉಳಿಯುವುದಾದರೆ ಕಾಯ್ದಿರಿಸುವಾಗಲೇ ಜಪಾನಿ ಭಾಷೆಯಲ್ಲಿ ಹೀಗೆ ಬರೆಯಿರಿ: ಮಾಂಸ, ಮೀನು, ಮೀನಿನ ದಾಶಿ ಯಾವುದೂ ಬೇಡ, ಕೊಂಬು ಎಂಬ ಕಡಲಪಾಚಿ ಮತ್ತು ಅಣಬೆಯ ದಾಶಿ ಆಗಬಹುದು. ಬರೀ ಸಸ್ಯಾಹಾರಿ ಎಂದರೆ ಮೀನಿನ ದಾಶಿ ಬಂದೇ ಬರುತ್ತದೆ. ಕೆಲವರು ಆಗುವುದಿಲ್ಲ ಎನ್ನುತ್ತಾರೆ. ಆಗ ಊಟವಿಲ್ಲದೆ ಕೋಣೆ ಮಾತ್ರ ಕೊಡುತ್ತೀರಾ ಎಂದು ಕೇಳಿ, ಚಪಾತಿ, ಚಟ್ನಿಪುಡಿ ಕಟ್ಟಿಕೊಂಡು ಹೋಗಿ. ಸಂಜೆಯಾದ ಮೇಲೆ ಅಲ್ಲಿ ತೆರೆದಿರುವ ಅಂಗಡಿ ಸಿಗುವುದು ಕಷ್ಟ.

ದಿನಾಂಕದ ಬಗ್ಗೆ: ಏಪ್ರಿಲ್ ಕೊನೆಯಿಂದ ಮೇ 5ರ ಆಸುಪಾಸಿನವರೆಗೆ ಇಲ್ಲಿ ಗೋಲ್ಡನ್ ವೀಕ್ ರಜೆ, ರೈಲು-ಕೋಣೆ ಎಲ್ಲ ತುಂಬಿರುತ್ತದೆ. ಮೇ ಎರಡನೇ ವಾರ ದಾಟಿದ ಮೇಲೆ, ಜೂನ್ ಮಳೆ ಹಿಡಿಯುವ ಮುಂಚೆ, ವಾರದ ನಡುವಿನ ಒಂದು ದಿನ ರಜೆ ಹಾಕಿ ಹೋಗಿ. ಕೈಯಲ್ಲಿ ನಗದು, ಬಸ್ಸಿಗೆ ಚಿಲ್ಲರೆ ಇರಲಿ.