ಲಿಸ್ಟ್<ಅಡಿಕೆ> ಕೇಳುವ ಮೆಥಡ್ಡಿಗೆ ಲಿಸ್ಟ್<ರಾಶಿ> ಕೊಟ್ಟರೆ ಯಾಕೆ ಒಪ್ಪಲ್ಲ?

ಶಿವಮೊಗ್ಗದ ಅಡಿಕೆ ಮಂಡಿಗೆ ಜಾವಾದಲ್ಲಿ ಬಿಲ್ಲಿಂಗ್ ಸಾಫ್ಟ್‌ವೇರ್ ಬರೀತಿದ್ದೀರಿ. ರಾಶಿ, ಬೆಟ್ಟೆ, ಗೊರಬಲು ಅನ್ನೋ ಬಗೆಗಳೆಲ್ಲವೂ ‘ಅಡಿಕೆ’ ಕ್ಲಾಸಿನ ಸಬ್‌ಕ್ಲಾಸ್ (ಅದರ ಒಳಬಗೆ). ಒಟ್ಟು ತೂಕ ಕೂಡುವ ಮೆಥಡ್ ಲಿಸ್ಟ್<ಅಡಿಕೆ> ಕೇಳುತ್ತೆ; ಅದಕ್ಕೆ ಲಿಸ್ಟ್<ರಾಶಿ> ಕೊಟ್ಟರೆ ಕಂಪೈಲರ್ ತಕರಾರು ತೆಗೆಯುತ್ತೆ. ರಾಶಿ ಅಡಿಕೆ ಅಲ್ವಾ ಅಂತ ಕೇಳಿದ್ದೀರಿ.

ರಾಶಿ ಅಡಿಕೆಯೇ. ರಾಶಿಯ ಲಿಸ್ಟು ಮಾತ್ರ ಅಡಿಕೆಯ ಲಿಸ್ಟಲ್ಲ. ಕಂಪೈಲರ್ ಒಪ್ಪಿತು ಅಂತಲೇ ಇಟ್ಟುಕೊಳ್ಳಿ. ಮೆಥಡ್ಡಿನೊಳಗೆ ಯಾರೋ ಒಂದು ಗೊರಬಲು ಲಾಟನ್ನು ಆಡ್ ಮಾಡ್ತಾರೆ. ಅಡಿಕೆ ಲಿಸ್ಟಿಗೆ ಗೊರಬಲು ಹಾಕೋದು ತಪ್ಪಲ್ಲವಲ್ಲ! ಆದರೆ ಹೊರಗೆ ಅದೇ ಲಿಸ್ಟನ್ನು ಬರೀ ರಾಶಿ ಅಂತ ನಂಬಿ ದರ ಹಾಕುವ ಕೋಡು ಕ್ಲಾಸ್‌ಕಾಸ್ಟ್ ಎಕ್ಸೆಪ್ಶನ್ (ಬಗೆ ಹೊಂದಲಿಲ್ಲ ಅನ್ನೋ ದೋಷ) ಕೊಟ್ಟು ಬೀಳುತ್ತೆ, ಅದೂ ಟೆಂಡರ್ ನಡೆಯೋ ಹೊತ್ತಿಗೆ. ಜಾವಾ ಅರೇಗಳಲ್ಲಿ ಈ ಸಡಿಲ ಇವತ್ತಿಗೂ ಇದೆ: ರಾಶಿ ಅರೇಯನ್ನು ಅಡಿಕೆ ಅರೇ ಅಂತ ಕೊಡಬಹುದು, ಗೊರಬಲು ತುರುಕಿದರೆ ರನ್ ಆಗುವಾಗ ಅರೇಸ್ಟೋರ್ ಎಕ್ಸೆಪ್ಶನ್. 2004ರಲ್ಲಿ ಜಾವಾ 5ರ ಜೊತೆ ಬಂದ ಜೆನೆರಿಕ್ಸ್ (ಲಿಸ್ಟ್<ರಾಶಿ> ಅಂತ ಒಳಗಿನ ಬಗೆಯನ್ನೂ ಹೇಳೋ ವ್ಯವಸ್ಥೆ) ಇದನ್ನು ಕಂಪೈಲ್ ಹಂತದಲ್ಲೇ ತಡೆಯುತ್ತೆ.

ನಿಮ್ಮ ಮೆಥಡ್ ತೂಕ ಓದುತ್ತೆ ಅಷ್ಟೇ, ಏನನ್ನೂ ಸೇರಿಸಲ್ಲ. ಅದನ್ನು ಸಿಗ್ನೇಚರಿನಲ್ಲೇ ಹೇಳಿಬಿಡಿ:

ಡಬಲ್ ಒಟ್ಟುತೂಕ(ಲಿಸ್ಟ್<? ಎಕ್ಸ್‌ಟೆಂಡ್ಸ್ ಅಡಿಕೆ> ಲಾಟುಗಳು)

ಇಲ್ಲಿ ‘? ಎಕ್ಸ್‌ಟೆಂಡ್ಸ್ ಅಡಿಕೆ’ ಅಂದ್ರೆ ಅಡಿಕೆ ಅಥವಾ ಅದರ ಯಾವುದೋ ಸಬ್‌ಕ್ಲಾಸ್. ಈಗ ಯಾವ ಬಗೆಯ ಅಡಿಕೆಯ ಲಿಸ್ಟ್ ಕೊಟ್ಟರೂ ನಡೆಯುತ್ತೆ. ಒಳಗೆ ಆಡ್ ಮಾಡೋಕೆ ಹೋದರೆ ನಲ್ ಬಿಟ್ಟು ಬೇರೇನಕ್ಕೂ ಕಂಪೈಲರ್ ಬಿಡಲ್ಲ, ಯಾಕಂದ್ರೆ ಬಂದಿರೋದು ಯಾವ ಬಗೆಯ ಲಿಸ್ಟು ಅಂತ ಅದಕ್ಕೆ ಗೊತ್ತಿಲ್ಲ. (ಅಂದ ಹಾಗೆ, ಜಾವಾ ಹೆಸರುಗಳಿಗೆ ಯೂನಿಕೋಡ್ ಒಪ್ಪುತ್ತೆ. ಕ್ಲಾಸಿಗೆ ಕನ್ನಡ ಲಿಪಿಯಲ್ಲೇ ‘ಅಡಿಕೆ’ ಅಂತ ಹೆಸರಿಟ್ಟರೂ ಕಂಪೈಲ್ ಆಗುತ್ತೆ. ಕೀವರ್ಡ್‌ಗಳು ಮಾತ್ರ ಇಂಗ್ಲಿಷಿನಲ್ಲೇ ಇರಬೇಕು.)

ರಾಶಿ ಲಾಟುಗಳನ್ನು ಲಿಸ್ಟಿಗೆ ತುಂಬುವ ಮೆಥಡ್ಡಾದರೆ ಉಲ್ಟಾ: ಲಿಸ್ಟ್<? ಸೂಪರ್ ರಾಶಿ>, ಅಂದ್ರೆ ರಾಶಿ ಅಥವಾ ಅದರ ಮೇಲಿನ ಯಾವುದೋ ಕ್ಲಾಸ್. ಲಿಸ್ಟ್<ರಾಶಿ>, ಲಿಸ್ಟ್<ಅಡಿಕೆ>, ಕೊನೆಗೆ ಲಿಸ್ಟ್<ಆಬ್ಜೆಕ್ಟ್> (ಆಬ್ಜೆಕ್ಟ್ ಅಂದ್ರೆ ಜಾವಾದ ಎಲ್ಲ ಕ್ಲಾಸುಗಳ ಮೂಲ) ಆದರೂ ಸರಿ. ಅದರಿಂದ ಓದಿದರೆ ಸಿಗೋದು ಬರೀ ಆಬ್ಜೆಕ್ಟ್. ಎರಡನ್ನೂ ಒಂದೇ ಕಡೆ ನೋಡಬೇಕಂದ್ರೆ ಕಲೆಕ್ಷನ್ಸ್ ಕ್ಲಾಸಿನ ಕಾಪಿ ಮೆಥಡ್ ತೆರೆದು ನೋಡಿ. ತುಂಬೋ ಲಿಸ್ಟಿಗೆ ಸೂಪರ್, ಓದೋ ಲಿಸ್ಟಿಗೆ ಎಕ್ಸ್‌ಟೆಂಡ್ಸ್. ಒಂದೇ ಲಿಸ್ಟಿನಿಂದ ಓದಿ ಅದಕ್ಕೇ ಬರೆಯೋದಾದರೆ ಪ್ರಶ್ನಾರ್ಥಕ ಚಿಹ್ನೆಯ ಗೊಡವೆ ಬೇಡ, ನೇರ ಟೈಪ್ ಹಾಕಿ.

ರಿಟರ್ನ್ ಟೈಪಿನಲ್ಲಂತೂ ಈ ಚಿಹ್ನೆ ಹಾಕಲೇಬೇಡಿ. ಕರೆದವರೆಲ್ಲ ಅದನ್ನು ಹೊತ್ತು ತಿರುಗಬೇಕಾಗುತ್ತೆ. ಕೊಟ್ಟ ಬಗೆಯೇ ವಾಪಸ್ ಬರಬೇಕಾದರೆ ಟೈಪ್ ಪ್ಯಾರಾಮೀಟರ್ (ಬಗೆಯ ಜಾಗದಲ್ಲಿ ನಿಲ್ಲುವ ಹೆಸರು, ಇಲ್ಲಿ ‘ಟಿ’) ಬಳಸಿ:

<ಟಿ ಎಕ್ಸ್‌ಟೆಂಡ್ಸ್ ಅಡಿಕೆ> ಟಿ ಭಾರೀಲಾಟು(ಲಿಸ್ಟ್<? ಎಕ್ಸ್‌ಟೆಂಡ್ಸ್ ಟಿ> ಲಾಟುಗಳು)

ಲಿಸ್ಟ್<ಬೆಟ್ಟೆ> ಕೊಟ್ಟರೆ ಬೆಟ್ಟೆಯೇ ಸಿಗುತ್ತೆ, ಕಾಸ್ಟ್ ಮಾಡೋ ಕೆಲಸ ಇಲ್ಲ.