ಸಂಪಾದಕರ ಉತ್ತರ: ಈ ಸಲ ಕಿಡಿಯೊ ಒಂದನ್ನೇ ಮಾಡಿ

ಕಲ್ಯಾಣಪುರದ ಓದುಗರೊಬ್ಬರು ಬರೆದಿದ್ದಾರೆ: “ನಾನೂ ಗಂಡನೂ ಕೆಲಸಕ್ಕೆ ಹೋಗುವವರು. ಅತ್ತೆಗೆ ಮಂಡಿನೋವು, ಒಲೆ ಮುಂದೆ ನಿಲ್ಲಲು ಆಗುವುದಿಲ್ಲ. ಪ್ರತಿ ಕ್ರಿಸ್ಮಸ್‌ಗೂ ಎಂಟು ಹತ್ತು ಬಗೆ ಕುಸ್ವಾರ್ (ಹಬ್ಬಕ್ಕೆ ಹಂಚುವ ತಿಂಡಿ) ಮಾಡುತ್ತಿದ್ದ ಮನೆ ಇದು. ಈ ವರ್ಷ ಬೇಕರಿಯದ್ದನ್ನು ತಂದು ಹಂಚಿದರೆ ಅಕ್ಕಪಕ್ಕದವರು ಏನಂದುಕೊಳ್ಳುತ್ತಾರೋ? ಕಳೆದ ವರ್ಷ ನಾನೊಬ್ಬಳೇ ಮಾಡಿದ ನೆವ್ರಿ (ಕರ್ಜಿಕಾಯಿ) ಎರಡೇ ದಿನಕ್ಕೆ ಮೆತ್ತಗಾಯಿತು. ಹಿಟ್ಟಿನಲ್ಲಿ ಅಚ್ಚು ಅದ್ದಿ ಕರಿಯುವ ಕೊಕ್ಕಿಸಾಂ ಅಚ್ಚು ಬಿಟ್ಟು ಬರಲೇ ಇಲ್ಲ. ಇದರ ಮೇಲೆ, ಗೋದಲಿಗೆ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಗೆ) ಥರ್ಮಕೋಲ್ ಬೇಡ ಎಂದು ಮಗನ ಹಠ.”

ಬೇಕರಿಯದ್ದನ್ನು ಧಾರಾಳವಾಗಿ ತನ್ನಿ. ಡಿಸೆಂಬರ್ ಕೊನೆಗೆ ನಮ್ಮ ಕಚೇರಿಗೆ ಬರುವ ತಟ್ಟೆಗಳಲ್ಲಿ ಅರ್ಧಕ್ಕರ್ಧ ಬೇಕರಿಯವೇ. ಅದು ತಿನ್ನುವಾಗ ಗೊತ್ತಾಗುತ್ತದೆ, ಆದರೂ ಎಲ್ಲವೂ ಖಾಲಿಯಾಗುತ್ತವೆ. “ಮನೆಯಲ್ಲೇ ಮಾಡಿದ್ದಾ?” ಎಂದು ಯಾರಾದರೂ ಕೇಳಿದರೆ, “ಇದು ನಾವು ಮಾಡಿದ್ದು, ಉಳಿದದ್ದು ತಂದದ್ದು” ಎಂದುಬಿಡಿ. ಅಷ್ಟು ಹೇಳಬೇಕಾದರೆ ಒಂದನ್ನಾದರೂ ಮನೆಯಲ್ಲಿ ಮಾಡಿರಬೇಕು, ಅಲ್ವಾ? ನನ್ನನ್ನು ಕೇಳಿದರೆ ಆ ಒಂದು ಕಿಡಿಯೊ, ಅಂದರೆ ಮೈದಾ ಹಿಟ್ಟಿನ ಪುಟ್ಟ ಸುರುಳಿಗಳನ್ನು ಎಣ್ಣೆಯಲ್ಲಿ ಕರಿದ ತಿಂಡಿ.

ಯಾಕೆಂದು ಹೇಳುತ್ತೇನೆ. ಹಳೆಯ ಮನೆಗಳಲ್ಲಿ ಓವನ್ ಎಲ್ಲಿತ್ತು? ಕೇಕ್ ಬೇಯಿಸಬೇಕಾದರೆ ಪಾತ್ರೆಯ ಕೆಳಗೂ ಮುಚ್ಚಳದ ಮೇಲೂ ಕೆಂಡ ಹಾಕುತ್ತಿದ್ದರು. ಹಾಗಾಗಿ ಕುಸ್ವಾರಿನಲ್ಲಿ ಹುರಿಯುವುದು, ಕರಿಯುವುದು, ಮಗುಚುವುದೇ ಜಾಸ್ತಿ. ಅಕ್ಕಿ ಲಾಡಿಗೆ ಒಬ್ಬರು ಕುಚ್ಚಲಕ್ಕಿ ಹುರಿಯಬೇಕು, ಇನ್ನೊಬ್ಬರು ಕಾಯಿ ತುರಿಯಬೇಕು. ಪೇರಳೆ ಹಣ್ಣಿನ ಪೆರಾದ್ ತಳ ಬಿಡುವವರೆಗೆ ಕೈ ಬಿಡುವಂತಿಲ್ಲ. ಇವು ಒಬ್ಬರೇ ಮಾಡುವ ತಿಂಡಿಗಳೇ ಅಲ್ಲ. ಕಳೆದ ವರ್ಷ ನಿಮಗೆ ಕೈಕೊಟ್ಟದ್ದು ಅದೇ ಎಂದು ನನ್ನ ಅಂದಾಜು. ನೀವು ಒಂದು ನೆವ್ರಿ ಮಡಿಸುವಷ್ಟರಲ್ಲಿ ಲಟ್ಟಿಸಿಟ್ಟ ಉಳಿದ ಹಾಳೆಗಳು ಒಣಗಿರುತ್ತವೆ, ಒಲೆಯ ಮೇಲೆ ಎಣ್ಣೆ ಹೊಗೆಯಾಡುತ್ತಿರುತ್ತದೆ.

ಕಿಡಿಯೊ ಹಾಗಲ್ಲ. ಅರ್ಧ ಕಿಲೋ ಮೈದಾಕ್ಕೆ ಎರಡು ಚಮಚ ಬಿಸಿ ತುಪ್ಪ, ಚಿಟಿಕೆ ಉಪ್ಪು, ಸ್ವಲ್ಪ ಸಕ್ಕರೆ ಹಾಕಿ. ದಪ್ಪ ತೆಂಗಿನ ಹಾಲನ್ನು ಬೇಕಾದಷ್ಟೇ ಸೇರಿಸುತ್ತಾ ಗಟ್ಟಿಯಾಗಿ ಕಲಸಿ, ಒದ್ದೆ ಬಟ್ಟೆ ಮುಚ್ಚಿಡಿ. ರಾತ್ರಿ ಊಟ ಮುಗಿದ ಮೇಲೆ ಎಲ್ಲರೂ ಮೇಜಿನ ಸುತ್ತ ಕೂತುಕೊಳ್ಳಿ. ಗೋಲಿಯಷ್ಟು ಹಿಟ್ಟನ್ನು ಫೋರ್ಕಿನ ಬೆನ್ನಿಗೆ ಒತ್ತಿ ಸುರುಳಿ ಸುತ್ತುವುದಷ್ಟೇ ಕೆಲಸ. ಹೊಸ ಬಾಚಣಿಗೆಯಾದರೂ ನಡೆಯುತ್ತದೆ. ನಿಮ್ಮ ಅತ್ತೆ ಕುರ್ಚಿಯಲ್ಲಿ ಕೂತೇ ಮಾಡಬಹುದು, ಮತ್ತು ನಿಮಗಿಂತ ಬೇಗ ಮಾಡುತ್ತಾರೆ, ನೋಡಿ ಬೇಕಾದರೆ! ಮಗನದ್ದು ಸೊಟ್ಟಗಾದರೂ ಎಣ್ಣೆಗೆ ಹಾಕಿ. ಅಂಚು ಬಿಗಿಯಾಗಿ ಒತ್ತಿದ್ದರೆ ಸಾಕು, ಬಾಣಲೆಯಲ್ಲಿ ಬಿಚ್ಚಿಕೊಳ್ಳುವುದಿಲ್ಲ.

ಇದರಲ್ಲಿ ಮೊಟ್ಟೆ ಇಲ್ಲ ಎನ್ನುವುದೂ ಮುಖ್ಯ. ನಿಮ್ಮ ಊರಿನಲ್ಲಿ ಪಕ್ಕದ ಮನೆಯಿಂದ ದೀಪಾವಳಿಗೆ ಹೋಳಿಗೆಯೋ ಉಂಡೆಯೋ ಬಂದಿರುತ್ತದೆ. ಆ ತಟ್ಟೆಯನ್ನು ಖಾಲಿ ಕಳಿಸುವ ಹಾಗಿಲ್ಲ. ಅವರು ಮೊಟ್ಟೆ ತಿನ್ನದವರಾದರೆ ಕೇಕ್, ಕೊಕ್ಕಿಸಾಂ ಬಿಟ್ಟು ಕಿಡಿಯೊ, ನೆವ್ರಿ, ಲಾಡು ಇಡಿ. ಎಣ್ಣೆಯೂ ಬೇರೆಯಾಗಿರಲಿ. ಒಂದೇ ಬಾಣಲೆಯಾದರೆ ಮೊಟ್ಟೆ ಇಲ್ಲದ್ದನ್ನು ಮೊದಲು ಕರಿಯಿರಿ. ಇದನ್ನು ಅವರು ಕೇಳುವುದಿಲ್ಲ, ನಾವೇ ನೋಡಿಕೊಳ್ಳಬೇಕು.

ಇನ್ನು ಮೆತ್ತಗಾದ ನೆವ್ರಿ. ನೀವು ಹೂರಣಕ್ಕೆ ಹಸಿ ಕಾಯಿತುರಿ ಹಾಕಿದ್ದೀರಿ ಅನಿಸುತ್ತದೆ. ಅದರ ನೀರಿನಂಶ ಒಳಗಿನಿಂದಲೇ ಹೊರಪದರವನ್ನು ಮೆತ್ತಗೆ ಮಾಡುತ್ತದೆ. ಕೊಬ್ಬರಿ ಬಳಸಿ. ಇಲ್ಲವಾದರೆ ತುರಿಯನ್ನು ಸಣ್ಣ ಉರಿಯಲ್ಲಿ ತಿಳಿ ಕಂದು ಬಣ್ಣ ಬರುವವರೆಗೆ ಹುರಿಯಿರಿ. ಹುರಿದ ಎಳ್ಳು, ಏಲಕ್ಕಿ, ಸಕ್ಕರೆ ಪುಡಿಯನ್ನು ಅದು ಪೂರ್ತಿ ಆರಿದ ಮೇಲೆ ಬೆರೆಸಿ. ಬಿಸಿಯಲ್ಲಿ ಬೆರೆಸಿದರೆ ಸಕ್ಕರೆ ಕರಗಿ ಅಂಟಾಗುತ್ತದೆ. ಕರಿಯುವಾಗ ಉರಿ ಜೋರಾದರೆ ಹೊರಗೆ ಬಣ್ಣ ಬರುತ್ತದೆ, ಹಾಳೆ ಮಾತ್ರ ಒಣಗಿರುವುದಿಲ್ಲ. ಬಿಸಿ ಇರುವಾಗಲೇ ಡಬ್ಬಕ್ಕೆ ತುಂಬಬೇಡಿ, ಹಬೆ ಮುಚ್ಚಳಕ್ಕೆ ತಾಗಿ ನೀರಾಗಿ ಇಳಿಯುತ್ತದೆ. ನಮ್ಮದು ಕಡಲ ತೀರ. ಡಿಸೆಂಬರ್ ಆದರೂ ಗಾಳಿಯಲ್ಲಿ ಪಸೆ ಇದ್ದೇ ಇರುತ್ತದೆ. ಡಬ್ಬವನ್ನು ಸುಮ್ನೆ ತೆರೆದಿಡಬೇಡಿ.

ಕೊಕ್ಕಿಸಾಂಗೆ ಅಚ್ಚು ಎಣ್ಣೆಯಲ್ಲೇ ಚೆನ್ನಾಗಿ ಕಾಯಬೇಕು. ಹಿಟ್ಟಿನಲ್ಲಿ ಮುಕ್ಕಾಲು ಭಾಗ ಮಾತ್ರ ಅದ್ದಿ. ಮೇಲಂಚಿಗೆ ಹಿಟ್ಟು ಹತ್ತಿದರೆ ಅಲ್ಲೇ ಕಚ್ಚಿಕೊಳ್ಳುತ್ತದೆ.

ಗೋದಲಿಯ ವಿಷಯದಲ್ಲಿ ನಾನು ನಿಮ್ಮ ಮಗನ ಪಕ್ಷ. 1223ರಲ್ಲಿ ಇಟಲಿಯ ಗ್ರೆಚ್ಚೊದಲ್ಲಿ ಸಂತ ಫ್ರಾನ್ಸಿಸರು ಗೋದಲಿ ಮಾಡಿದಾಗ ಅಲ್ಲಿದ್ದದ್ದು ಒಣಹುಲ್ಲು, ಜೀವಂತ ಎತ್ತು, ಕತ್ತೆ. ಎತ್ತು ಬೇಡ ಬಿಡಿ, ಹುಲ್ಲನ್ನಾದರೂ ಬೆಳೆಸಬಹುದು. ಭತ್ತವನ್ನು ಒಂದು ದಿನ ನೆನೆಸಿ, ಬಟ್ಟೆಯಲ್ಲಿ ಕಟ್ಟಿಡಿ. ಮೊಳಕೆ ಒಡೆದ ಮೇಲೆ ಮಣ್ಣು ತುಂಬಿದ ಅಗಲ ತಟ್ಟೆಗಳಲ್ಲಿ ಒತ್ತೊತ್ತಾಗಿ ಬಿತ್ತಿ. ಡಿಸೆಂಬರ್ 12ರ ಆಸುಪಾಸಿಗೆ ಬಿತ್ತಿದರೆ 24ಕ್ಕೆ ಹಸಿರು ಗದ್ದೆ ತಯಾರು. ಎತ್ತರ ಬೇಡ, ನುಣುಪಾದ ಹುಲ್ಲುಹಾಸು ಬೇಕು ಎಂದರೆ ರಾಗಿ ಒಳ್ಳೆಯದು. ಗುಡ್ಡಕ್ಕೆ ಹಳೆಯ ಗೋಣಿಚೀಲವನ್ನು ಕೆಂಪು ಮಣ್ಣಿನ ರಾಡಿಯಲ್ಲಿ ಅದ್ದಿ, ಇಟ್ಟಿಗೆಗಳ ಮೇಲೆ ಹೊದೆಸಿ ಒಣಗಲು ಬಿಡಿ. ಥರ್ಮಕೋಲಿಗಿಂತ ಚೆನ್ನಾಗಿ ಕಾಣುತ್ತದೆ. ನಮ್ಮ ಸೆಕೆಯಲ್ಲಿ ಹತ್ತಿಯ ಹಿಮ ಯಾಕೆ ಬೇಕೋ ನನಗಂತೂ ಗೊತ್ತಿಲ್ಲ. ಮೂರು ರಾಯರ ಹಬ್ಬದವರೆಗೆ, ಅಂದರೆ ಜನವರಿ 6ರವರೆಗೆ ಹುಲ್ಲು ಹಸಿರಾಗಿ ಉಳಿಯಬೇಕಾದರೆ ದಿನಾ ನೀರು ಚಿಮುಕಿಸುವ ಕೆಲಸ ಮಗನದ್ದೇ ಆಗಲಿ.

ಉತ್ಸಾಹ ಉಳಿದಿದ್ದರೆ ನಕ್ಷತ್ರವನ್ನೂ ಅವನೇ ಕಟ್ಟಲಿ. ಬಿದಿರಿನ ಸೀಳುಗಳಿಂದ ಐದು ಮೂಲೆಯ ಎರಡು ಚೌಕಟ್ಟು ಕಟ್ಟಿ, ತುದಿಗಳನ್ನು ಜೋಡಿಸಿ ಬಿಗಿಯಬೇಕು. ನಡುವೆ ಐದು ಗಿಡ್ಡ ಕಡ್ಡಿ ಸಿಕ್ಕಿಸಿದರೆ ಹೊಟ್ಟೆ ಉಬ್ಬುತ್ತದೆ. ಗಾಳಿಪಟದ ಕಾಗದ ಅಂಟಿಸಿ ಒಳಗೆ ಎಲ್‌ಇಡಿ ಬಲ್ಬ್ ಹಾಕಿ. ಹಳೆಯ ಬಲ್ಬು ಬೇಡ, ಕಾಗದ ಕಾದು ಸುಡುತ್ತದೆ. ಕಟ್ಟಿದ ಮೇಲೆ ಒಂದು ಫೋಟೋ ಕಳಿಸಲು ಹೇಳಿ. ಜನವರಿ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ. ಕಿಡಿಯೊ ಕಳಿಸಿದರೂ ಬೇಡ ಅನ್ನುವುದಿಲ್ಲ.